ಮೆದುಳು ಜ್ವರ: ಬದುಕಿ ಬಂದ ಮಕ್ಕಳ ಲೆಕ್ಕ ಎಲ್ಲಿ?



ಮೆದುಳು ಜ್ವರದ ಸರ್ಕಾರಿ ಅಂಕಿ-ಅಂಶ ಪ್ರಕಟವಾದಾಗಲೆಲ್ಲ ಎರಡೇ ಕಲಂ ಕಾಣುತ್ತವೆ: ಇಷ್ಟು ಪ್ರಕರಣ, ಇಷ್ಟು ಸಾವು. ಬದುಕಿ ಮನೆಗೆ ಬಂದ ಮಗುವಿಗೆ ಅಲ್ಲಿ ಜಾಗವಿಲ್ಲ. ಆ ಮಗು ಬಂದು ಕೂರುವುದು ನಮ್ಮ ತರಗತಿಯಲ್ಲಿ.

ನಾನು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯ ಶಿಕ್ಷಕಿ. ಹಲವು ವರ್ಷಗಳ ಹಿಂದೆ ನಾಲ್ಕನೇ ತರಗತಿಯ ಹುಡುಗನೊಬ್ಬ ಈ ಜ್ವರದಿಂದ ಎದ್ದು ಎರಡು ತಿಂಗಳ ಮೇಲೆ ಶಾಲೆಗೆ ಬಂದ. ಓಡಾಟ, ಮಾತು ಎಲ್ಲ ಸರಿಯಿತ್ತು. ಮೊದಲೇ ಕಲಿತಿದ್ದ ಹತ್ತರವರೆಗಿನ ಮಗ್ಗಿ ಸರಾಗ. ಆದರೆ ಬೆಳಿಗ್ಗೆ ಒಪ್ಪಿಸಿದ ಹದಿಮೂರರ ಮಗ್ಗಿ ಬಿಸಿಯೂಟದ ಹೊತ್ತಿಗೆ ಇರುತ್ತಿರಲಿಲ್ಲ. ಪ್ರಗತಿ ಪತ್ರದಲ್ಲಿ ನಾನು ‘ಅಭ್ಯಾಸ ಸಾಲದು’ ಎಂದು ಬರೆದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹೊಸ ಪಾಠ ನೆನಪಾಗಿ ಬೇರೂರಲು ಮೆದುಳಿನ ಹಿಪೊಕ್ಯಾಂಪಸ್ ಬೇಕು. ಮತ್ತೆ ಮತ್ತೆ ಹೇಳಿಸಿದಾಗ ಅಲ್ಲಿನ ನರಕೋಶಗಳ ನಡುವಿನ ಕೊಂಡಿ ಬಿಗಿಯಾಗುತ್ತದೆ. ವೈರಾಣು ಹೊಕ್ಕು ಉರಿಯೂತ ಎದ್ದರೆ ಮೆದುಳಿನ ಕಾವಲು ಕೋಶಗಳಾದ ಮೈಕ್ರೊಗ್ಲಿಯಾ ಕೆರಳಿ ಸೈಟೊಕೈನ್ ಎಂಬ ರಾಸಾಯನಿಕಗಳನ್ನು ಸುರಿಸುತ್ತವೆ. ಅವು ಅತಿಯಾದರೆ ಕೊಂಡಿ ಬಿಗಿಯುವುದಿಲ್ಲ, ಇದ್ದದ್ದೂ ಕಳಚಬಹುದು. ಜ್ವರ ಇಳಿದ ಮೇಲೂ ಈ ಹಾನಿ ಉಳಿಯಬಹುದು. ಭತ್ತದ ಗದ್ದೆಯ ಕ್ಯೂಲೆಕ್ಸ್ ಸೊಳ್ಳೆ ಹರಡುವ ಜಪಾನೀಸ್ ಎನ್ಸೆಫಲೈಟಿಸ್‌ನಲ್ಲಂತೂ, ರೋಗ ಬಲಿತು ಬದುಕುಳಿದವರ ಪೈಕಿ ಶೇ 20ರಿಂದ 30ರಷ್ಟು ಮಂದಿಗೆ ಬುದ್ಧಿ, ವರ್ತನೆ ಅಥವಾ ನರಗಳ ತೊಂದರೆ ಶಾಶ್ವತ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಂಥ ಮಗುವಿಗೆ ಬೆತ್ತ ತೋರಿಸಿ ಏನು ಪ್ರಯೋಜನ?

ಲಸಿಕೆಯ ಕೆಲಸ ನಡೆದಿದೆ, ಒಪ್ಪುತ್ತೇನೆ. 2022ರ ಡಿಸೆಂಬರ್‌ನಲ್ಲಿ ರಾಜ್ಯದ ಹತ್ತು ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗಾಗಿ ಅಭಿಯಾನವೇ ಆಯಿತು. ಸೂಜಿ ಹಿಡಿದು ಶಾಲೆಗೆ ಬಂದವರು, ಜ್ವರ ಗೆದ್ದು ಕೂತ ಮಗುವನ್ನು ಹುಡುಕಿಕೊಂಡೂ ಬರಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಹೇಗೂ ಶಾಲೆಗಳಿಗೆ ಹೋಗುತ್ತವೆ; ಅವುಗಳ ಪಟ್ಟಿಗೆ ಈ ಮಕ್ಕಳನ್ನು ಸೇರಿಸಿದರೆ ಹೊಸ ಯೋಜನೆಯೇ ಬೇಕಿಲ್ಲ. ಆಸ್ಪತ್ರೆಯ ಬಿಡುಗಡೆ ಚೀಟಿಯ ಜೊತೆ ಪೋಷಕರ ಕೈಗೆ ಶಾಲೆಗೊಂದು ಪತ್ರ ಕೊಡಿ. ಆರು ತಿಂಗಳಿಗೊಮ್ಮೆ ನೆನಪಿನ ಪರೀಕ್ಷೆ ಮಾಡಿಸಿ. ಮುಂದಿನ ಅಂಕಿ-ಅಂಶದಲ್ಲಿ ಮೂರನೇ ಕಲಂ ಒಂದನ್ನು ಹಾಕಿ.

– ಒಬ್ಬ ಶಿಕ್ಷಕಿ, ಗಂಗಾವತಿ ತಾಲ್ಲೂಕು