ಕಂಠಪಾಠವೂ ಕೈಯೊಳಗಿನ ಪಟ್ಟಿಯೂ

ಪ್ರತಿವರ್ಷವೂ ಈ ಸಂಚಿಕೆಗೆ ನನ್ನಿಂದ ಛಂದಸ್ಸನ್ನು ಕುರಿತೋ ಹಳಗನ್ನಡವನ್ನು ಕುರಿತೋ ಒಂದು ಬರಹ ಸಲ್ಲುವುದು ವಾಡಿಕೆ. ಈ ಸಲ ವಿಮಾನವನ್ನು ಕುರಿತ ಬರಹವನ್ನು ಕೈಗಿತ್ತಾಗ ಸಂಪಾದಕ ಮಂಡಲಿಯವರು ಒಮ್ಮೆ ಕಾಗದವನ್ನೂ ಒಮ್ಮೆ ನನ್ನ ಮುಖವನ್ನೂ ನೋಡಿದರು. ಪಂಡಿತನಾದವನು ವಿಮಾನದ ಮಾತೆತ್ತಿದರೆ ಪುಷ್ಪಕದಿಂದಲೇ ಆರಂಭಿಸುವನೆಂದು ವಾಚಕರೂ ಅಂಜಬಹುದು. ಆ ಹಾದಿ ನನಗೆ ಬೇಡ. ಪುಷ್ಪಕವು ಒಡೆಯನು ನೆನೆದಲ್ಲಿಗೆ ಹಾರುತ್ತಿತ್ತೆಂದು ಕವಿಗಳು ಹೇಳಿದ್ದಾರೆ. ಅದನ್ನು ಹೊರಡಿಸುವುದಕ್ಕೆ ಮೊದಲು ಯಾರು ಯಾವ ಗುಂಡಿಯನ್ನು ಒತ್ತಬೇಕಾಗಿತ್ತೆಂಬುದನ್ನು ಹೇಳಿಲ್ಲ. ನಾನು ಹೇಳಹೊರಟಿರುವುದು ಆ ಗುಂಡಿಗಳ ವಿಷಯವನ್ನೇ.

ನಮ್ಮ ಶಾಲೆಯಲ್ಲಿ ಓದಿ ಈಗ ವಿಮಾನ ಚಾಲಕಿಯಾಗಿರುವ ಶಿಷ್ಯೆಯೊಬ್ಬಳು ಕಳೆದ ಬೇಸಿಗೆಯ ರಜೆಯಲ್ಲಿ ನನ್ನನ್ನು ಬೆಂಗಳೂರಿನ ಒಂದು ತರಬೇತಿ ಕೇಂದ್ರಕ್ಕೆ ಕರೆದೊಯ್ದಳು. ಅಲ್ಲಿ ಏರ್‌ಬಸ್ ಎ-320 ವಿಮಾನದ ಚಾಲಕರ ಕೋಣೆಯ ಪಡಿಯಚ್ಚೊಂದಿದೆ. ಅದು ಹಾರುವುದಿಲ್ಲ, ಉಳಿದೆಲ್ಲ ವಿಧದಲ್ಲಿಯೂ ನಿಜವಾದ ಕೋಣೆಯಂತೆಯೇ ನಡೆದುಕೊಳ್ಳುತ್ತದೆ. “ಸರ್, ರಾತ್ರಿಯೆಲ್ಲ ನಿಂತ ವಿಮಾನವನ್ನು ಬೆಳಗ್ಗೆ ಎಬ್ಬಿಸುವುದು ಹೇಗೆಂದು ತೋರಿಸುತ್ತೇನೆ” ಎಂದು ಹೇಳಿ, ಎಡಗಡೆಯ ಆಸನದಲ್ಲಿ ತಾನು ಕುಳಿತು ಬಲಗಡೆಯದರಲ್ಲಿ ನನ್ನನ್ನು ಕೂಡಿಸಿದಳು.

ಒಳಗೆ ಕತ್ತಲು. ವಿದ್ಯುತ್ತಿನ ಒಂದು ಹನಿಯೂ ಹರಿಯದ ಈ ಅವಸ್ಥೆಯನ್ನು ಚಾಲಕರು ‘ಕೋಲ್ಡ್ ಅಂಡ್ ಡಾರ್ಕ್’ ಎನ್ನುತ್ತಾರಂತೆ. ಒಲೆ ಆರಿ ಬೂದಿಯೂ ತಣ್ಣಗಾದ ಸ್ಥಿತಿಯೆಂದು ನಾವು ತಿಳಿದುಕೊಳ್ಳಬಹುದು. ತಲೆಯ ಮೇಲೆ, ಎದುರಿಗೆ, ಇಬ್ಬರ ನಡುವಣ ಪೀಠದ ಮೇಲೆ, ಎಲ್ಲಿ ನೋಡಿದರೂ ಗುಂಡಿಗಳು. ಅವಳು ಮೊದಲು ಬ್ಯಾಟರಿಯ ಗುಂಡಿಗೆ ಕೈಹಾಕುವಳೆಂದು ಎಣಿಸಿದ್ದೆ. ಹಾಕಲಿಲ್ಲ. ಕೈದೀಪ ಹಿಡಿದು, ಎಂಜಿನುಗಳ ಮುಖ್ಯ ಸ್ವಿಚ್ಚುಗಳೆರಡೂ ಬಂದಾಗಿವೆಯೆ, ಚಕ್ರಗಳನ್ನು ಇಳಿಸಿ ಏರಿಸುವ ಹಿಡಿಕೆ ಕೆಳಗೇ ಇದೆಯೆ, ಗಾಜು ಒರೆಸುವ ವೈಪರುಗಳು ಬಂದಾಗಿವೆಯೆ ಎಂದು ನೋಡಿದಳು. “ವಿದ್ಯುತ್ತು ಬಂದೊಡನೆ ಪ್ರತಿಯೊಂದು ಉಪಕರಣವೂ ತನ್ನ ಸ್ವಿಚ್ಚಿನ ಮಾತು ಕೇಳುತ್ತದೆ ಸರ್. ಆದ್ದರಿಂದ ಸ್ವಿಚ್ಚು ಏನು ಹೇಳುತ್ತಿದೆಯೆಂದು ಮೊದಲೇ ತಿಳಿದಿರಬೇಕು.” ವ್ಯಾಕರಣವನ್ನು ಮೂವತ್ತು ವರ್ಷ ಕಲಿಸಿದ ನನಗೆ ಇಷ್ಟು ಚೆನ್ನಾಗಿ ಕಾರಣ ಹೇಳಿ ಸೂತ್ರವನ್ನು ಒಪ್ಪಿಸಲು ಬಂದಿಲ್ಲ.

ಬಳಿಕ ಬ್ಯಾಟರಿಗಳು. ಎರಡರಲ್ಲಿಯೂ 25.5 ವೋಲ್ಟಿಗಿಂತ ಹೆಚ್ಚು ಇರಬೇಕು. ಇಲ್ಲವಾದರೆ ಹೊರಗಿನ ವಿದ್ಯುತ್ತಿನಿಂದ ಸುಮಾರು ಇಪ್ಪತ್ತು ನಿಮಿಷ ತುಂಬಬೇಕು. ಹೊರಗಿನ ವಿದ್ಯುತ್ತೆಂದರೆ ನಿಲ್ದಾಣದವರು ಕೇಬಲ್ಲಿನಿಂದ ಕೊಡುವುದು. ನಮ್ಮ ಮನೆಯದಕ್ಕೂ ಅದಕ್ಕೂ ಹೊಂದುವುದಿಲ್ಲ. ನಮ್ಮದು 230 ವೋಲ್ಟ್, 50 ಹರ್ಟ್ಸ್. ಅದು 115 ವೋಲ್ಟ್, 400 ಹರ್ಟ್ಸ್. ಕೇಬಲ್ ಇಲ್ಲದೆಯೂ ನಡೆಯಬೇಕಾದರೆ ವಿಮಾನದ ಬಾಲದಲ್ಲಿ ಒಂದು ಪುಟ್ಟ ಎಂಜಿನು ಉಂಟು. ಅದನ್ನು ಹೊತ್ತಿಸುವುದಕ್ಕೆ ಮುನ್ನ, ಅದಕ್ಕೆ ಬೆಂಕಿ ಬಿದ್ದರೆ ತಿಳಿಸುವ ಗಂಟೆ ಬಾರಿಸುತ್ತದೆಯೆ ಎಂಬುದನ್ನು ಪರೀಕ್ಷಿಸತಕ್ಕದ್ದು. ಒಲೆ ಹಚ್ಚುವುದಕ್ಕೆ ಮೊದಲೇ ನೀರಿನ ಕೊಡವನ್ನು ಪಕ್ಕದಲ್ಲಿಡುವ ಗೃಹಿಣಿಯ ವಿವೇಕ ಇದು.

ಇನ್ನು, ವಿಮಾನಕ್ಕೆ ತಾನೆಲ್ಲಿದ್ದೇನೆಂಬುದನ್ನು ತಿಳಿಸಬೇಕು. ತಲೆಯ ಮೇಲಿನ ಫಲಕದಲ್ಲಿ ಮೂರು ತಿರುಪುಗಳಿವೆ. ಅವುಗಳ ಹಿಂದೆ ಮೂರು ಯಂತ್ರಗಳು ಲೇಸರ್ ಕಿರಣಗಳ ನೆರವಿನಿಂದ ಭೂಮಿಯ ತಿರುಗುವಿಕೆಯನ್ನೇ ಅಳೆದು ಉತ್ತರ ದಿಕ್ಕನ್ನು ಕಂಡುಕೊಳ್ಳುತ್ತವೆ. ಇದಕ್ಕೆ ಹತ್ತು ನಿಮಿಷದಷ್ಟು ಕಾಲ ಬೇಕು. ಅಷ್ಟು ಹೊತ್ತು ವಿಮಾನ ಕದಲಕೂಡದು. ನಿಶ್ಚಲವಾಗಿ ನಿಂತವನಿಗೆ ಮಾತ್ರ ಭೂಮಿಯ ಚಲನೆ ತಿಳಿಯುತ್ತದೆಯೆಂಬ ಈ ಸಂಗತಿ ನನ್ನನ್ನು ಬಹುವಾಗಿ ಸೆಳೆಯಿತು. ಆದರೆ ಅಲ್ಲಿಯೇ ನಿಂತುಬಿಟ್ಟರೆ ಲೇಖನ ಬೇರೆ ಕಡೆಗೆ ಹೊರಳೀತು.

ನಿಂತ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಚಾಲಕರೇ ಬೆರಳಚ್ಚಿಸುವುದೂ ಉಂಟು. 2015ರ ಮಾರ್ಚ್ 10ರಂದು ಆಸ್ಟ್ರೇಲಿಯದ ಸಿಡ್ನಿಯಿಂದ ಕೌಲಾಲಂಪುರಕ್ಕೆ ಹೊರಟಿದ್ದ ಏರ್‌ಏಷ್ಯಾ ಎಕ್ಸ್ ಸಂಸ್ಥೆಯ ಎ-330 ವಿಮಾನದಲ್ಲಿ ಹೀಗೆ ಬೆರಳಚ್ಚಿಸುವಾಗ 15109.8 ಎಂದಿರಬೇಕಾದ ರೇಖಾಂಶ 01519.8 ಎಂದಾಯಿತು. ವಾಚಕರು ಅಂಕೆಗಳನ್ನು ಹೋಲಿಸಿ ನೋಡಬೇಕು. ಯಾವ ಅಂಕೆಯೂ ಬಿಟ್ಟುಹೋಗಿಲ್ಲ, ಹೊಸದು ಬಂದಿಲ್ಲ. ನಡುವಿದ್ದ ಸೊನ್ನೆ ಎದ್ದು ಮುಂದೆ ಹೋಗಿ ಕುಳಿತಿದೆ, ಅಷ್ಟೆ. ಅಷ್ಟಕ್ಕೆ ವಿಮಾನವು ತಾನಿದ್ದ ಎಡೆಯಿಂದ 11,000 ಕಿಲೋಮೀಟರಿಗೂ ಆಚೆ ಇದ್ದೇನೆಂದು ನಂಬಿತು. ಅಂದು ಕ್ಯಾಪ್ಟನ್ನನ ಕಿವಿ ಮುಚ್ಚುವ ಸಾಧನ ದೊರೆಯದ ಕಾರಣ, ಹೊರಗಿನ ತಪಾಸಣೆಯನ್ನು ಸಹಚಾಲಕನು ವಹಿಸಿಕೊಂಡು, ಕೋಣೆಯ ಸಿದ್ಧತೆಯನ್ನು ಕ್ಯಾಪ್ಟನ್ನನೇ ಮಾಡಿದ್ದನು. ದಿನದ ರೂಢಿ ತಲೆಕೆಳಗಾಗಿತ್ತು. ಹೊರಟ ಮೇಲೆ ಯಂತ್ರಗಳು ಒಂದರ ಮೇಲೊಂದು ಗಲಿಬಿಲಿಗೊಂಡವು. ಸಿಡ್ನಿಗೆ ಹಿಂದಿರುಗಲು ಹವೆ ಒಗ್ಗದೆ ಮೆಲ್ಬರ್ನಿನಲ್ಲಿ ಇಳಿದರು. ಯಾರಿಗೂ ಅಪಾಯವಾಗಲಿಲ್ಲ. ಕನ್ನಡದ ಮಕ್ಕಳಿಗೆ ಅನುಸ್ವಾರವೂ ಸೊನ್ನೆಯೇ, ಅಂಕೆಯೂ ಸೊನ್ನೆಯೇ. ‘ಕಂದ’ನ ಸೊನ್ನೆ ಜಾರಿದರೆ ‘ಕದ’ ಉಳಿಯುತ್ತದೆ. ಒಂದು ಸೊನ್ನೆಗಾಗಿ ಇಷ್ಟು ಕೋಪವೇಕೆ ಎಂದು ನನ್ನ ವಿದ್ಯಾರ್ಥಿಗಳು ಗೊಣಗಿದ್ದುಂಟು. ಇನ್ನು ಮೇಲೆ ಅವರಿಗೆ ಈ ಕಥೆಯನ್ನು ಹೇಳುವೆನು.

ಮುಂದಿನ ಕೆಲಸ ತಲೆಯ ಮೇಲಿನ ಫಲಕದ್ದು. ಅಲ್ಲಿ ಬಿಳಿಯ ದೀಪಗಳು ಬೆಳಗಿದ್ದವು. ಅವಳ ಕೈ ಕೆಳಗಿನಿಂದ ಮೇಲಕ್ಕೆ, ಸಾಲಿನಿಂದ ಸಾಲಿಗೆ ಹರಿಯಿತು. ಮುಟ್ಟಿದೆಡೆಯಲ್ಲೆಲ್ಲ ದೀಪ ಆರಿತು. ಎ-320ರಲ್ಲಿ ದೀಪವಿಲ್ಲದಿರುವುದೇ ಕ್ಷೇಮದ ಗುರುತಂತೆ. ಅರ್ಥಾತ್ ಸತ್ತಂತಿರುವಾಗಲೂ ಆ ಫಲಕಕ್ಕೆ ಕತ್ತಲು, ಸಕಲವೂ ಸರಿಯಿದ್ದು ಹಾರುವಾಗಲೂ ಕತ್ತಲು. ಒಂದನ್ನು ಇನ್ನೊಂದೆಂದು ತಿಳಿಯದಿರಲು ನಡುವೆ ನಡೆದ ಕೆಲಸವನ್ನು ಬಲ್ಲವನೇ ಆಗಬೇಕು.

ಇದೆಲ್ಲವನ್ನೂ ಅವಳು ಯಾವ ಕಾಗದವನ್ನೂ ನೋಡದೆ ಮಾಡಿದಳೆಂಬುದನ್ನು ಹೇಳಲೇಬೇಕು. ವಿಮಾನದ ಗಣಕಕ್ಕೆ ಪ್ರಯಾಣದ ವಿವರಗಳನ್ನು ಉಣಿಸುವ ಕ್ರಮಕ್ಕೆ ಅವರಲ್ಲಿ ‘ಡಿಫ್‌ಸ್ರಿಪ್’ ಎಂಬ ಅರ್ಥವಿಲ್ಲದ ಒಂದು ಪದವಿದೆ. ಏಳು ಹೆಜ್ಜೆಗಳ ಏಳು ಮೊದಲಕ್ಷರಗಳು. ನಮ್ಮ ‘ಯಮಾತಾರಾಜಭಾನಸಲಗಂ’ ಎಂಬುದರ ತಮ್ಮನೇ ಸರಿ. ಅದನ್ನು ಕೇಳಿ ನನಗೆ ಹಿಗ್ಗಾಯಿತು. ಪುಸ್ತಕದಲ್ಲೇ ಉಳಿದ ವಿದ್ಯೆ ಸಮಯಕ್ಕೆ ಒದಗದೆಂದು ಕೇಳಿ ಬೆಳೆದವರು ನಾವು. ನನ್ನ ಗುರುಗಳ ಮನೆಯಲ್ಲಿ ಪಾಠ ಒಪ್ಪಿಸುವಾಗ ಹಾಳೆಯ ಕಡೆ ಕಣ್ಣು ಹೊರಳಿದರೆ ಊಟ ತಡವಾಗುತ್ತಿತ್ತು. ಆದ್ದರಿಂದ, “ನೋಡಿದೆಯಾ, ಕಡೆಗೂ ಕಂಠಪಾಠವೇ ಗೆದ್ದಿತು” ಎಂದೆ.

ಅವಳು ನಕ್ಕು, ರಟ್ಟಿನ ಒಂದು ಹಾಳೆಯನ್ನು ತೆಗೆದು ನನ್ನ ಕೈಗಿತ್ತಳು. “ಇನ್ನು ನೀವು ಇದನ್ನು ಓದಬೇಕು ಸರ್. ನಾನು ಉತ್ತರ ಹೇಳಬೇಕು.”

ಆ ಹಾಳೆಯೇ ಚೆಕ್‌ಲಿಸ್ಟ್, ಪರಿಶೀಲನಾ ಪಟ್ಟಿ. ಮಾಡಿದ ಕೆಲಸಗಳೋ ಹಲವು ಹತ್ತು. ಪಟ್ಟಿಯಲ್ಲಿರುವುದು ಹತ್ತರ ಆಸುಪಾಸು ಬಾಬುಗಳು. ಮರೆತರೆ ಜೀವಕ್ಕೆ ಎರವಾಗುವಂಥವನ್ನು ಮಾತ್ರ ಆರಿಸಿದ್ದಾರೆ. ಅದು ಕಲಿಸುವುದಕ್ಕಲ್ಲ, ಕಲಿತವರು ಮಾಡಿ ಮುಗಿಸಿದ್ದನ್ನು ನೋಡುವುದಕ್ಕೆ. ಒಬ್ಬರು ಓದಬೇಕು, ಇನ್ನೊಬ್ಬರು ಕಣ್ಣಾರೆ ನೋಡಿ ಉತ್ತರಿಸಬೇಕು. ಎತ್ತರ ತಿಳಿಸುವ ಯಂತ್ರದಂತಹ ಕೆಲವಕ್ಕೆ ಇಬ್ಬರೂ ಉತ್ತರ ಕೊಡಬೇಕು. ಸಾಮಾನ್ಯವಾಗಿ ನೆಲದ ಮೇಲೆ ಓದುವವನು ಕಿರಿಯ, ಉತ್ತರಿಸುವವನು ಹಿರಿಯ. ಇಪ್ಪತ್ತು ಸಾವಿರ ಗಂಟೆ ಹಾರಿದ ಕ್ಯಾಪ್ಟನ್ ನಿನ್ನೆ ಮೊನ್ನೆ ಸೇರಿದ ಹುಡುಗನಿಗೆ ದಿನವೂ ಪಾಠ ಒಪ್ಪಿಸಬೇಕು! ನಮ್ಮ ಪಾಠಶಾಲೆಗಳಲ್ಲಿ ಇದನ್ನು ಊಹಿಸಲಾದೀತೆ?

ಈ ಪದ್ಧತಿ ಬಂದದ್ದು ಸುಮ್ಮನಲ್ಲ. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೋ ಪ್ರಾಂತದ ರೈಟ್ ಫೀಲ್ಡಿನಲ್ಲಿ ಬೋಯಿಂಗ್ ಸಂಸ್ಥೆಯ ಮಾಡೆಲ್ 299 ಎಂಬ ಹೊಸ ಬಾಂಬರ್ ವಿಮಾನವು ಎದ್ದು, ಮೇಲಕ್ಕೆ ಮೂತಿ ಮಾಡಿ, ಕೆಳಗೆ ಬಿದ್ದು ಉರಿಯಿತು. ನಡೆಸುತ್ತಿದ್ದ ಮೇಜರ್ ಪ್ಲಾಯರ್ ಹಿಲ್ ನುರಿತ ಪರೀಕ್ಷಕ. ಜೊತೆಗಿದ್ದ ಲೆಸ್ಲಿ ಟವರ್ ಬೋಯಿಂಗಿನವರ ಪರೀಕ್ಷಾ ಚಾಲಕ. ಇಬ್ಬರೂ ಉಳಿಯಲಿಲ್ಲ. ನಿಂತಿರುವಾಗ ಗಾಳಿಗೆ ಬಾಲದ ರೆಕ್ಕೆಗಳು ಬಡಿದುಕೊಳ್ಳದಿರಲೆಂದು ಹಾಕುವ ಅಗುಳಿಯನ್ನು ಅವರು ತೆಗೆದಿರಲಿಲ್ಲ. ಈ ವಿಮಾನ ಒಬ್ಬ ಮನುಷ್ಯನ ನೆನಪಿಗೆ ಮೀರಿದ್ದೆಂದು ಕಂಡ ಮೇಲೆ ಸೇನೆಯ ಚಾಲಕರು ಮಾಡಿದ ಉಪಾಯವೇ ಪಟ್ಟಿ. ಅದೇ ವಿಮಾನ ಮುಂದೆ ಬಿ-17 ಎಂಬ ಹೆಸರಿನಿಂದ ಹನ್ನೆರಡು ಸಾವಿರಕ್ಕೂ ಮೇಲ್ಪಟ್ಟು ತಯಾರಾಯಿತು.

ಅಷ್ಟಾದರೂ ಆ ಅಗುಳಿ ಮನುಷ್ಯನನ್ನು ಬಿಡಲಿಲ್ಲ. 2014ರ ಮೇ 31ರಂದು ಮ್ಯಾಸಚೂಸೆಟ್ಸಿನ ಬೆಡ್‌ಫರ್ಡಿನಲ್ಲಿ ಗಲ್ಫ್‌ಸ್ಟ್ರೀಮ್ ಎಂಬ ಸಣ್ಣ ಜೆಟ್ ವಿಮಾನವು ಅಂಥದೇ ಅಗುಳಿ ಹಾಕಿದ್ದಂತೆಯೇ ಓಡಿ, ನೆಲ ಬಿಡಲಾರದೆ, ಹಳ್ಳಕ್ಕೆ ನುಗ್ಗಿ ಏಳು ಮಂದಿಯನ್ನು ಬಲಿಗೊಂಡಿತು. ಇಬ್ಬರು ಚಾಲಕರೂ ವರ್ಷಾನುಗಟ್ಟಲೆ ಜೊತೆಯಾಗಿ ಹಾರಿದವರು. ತನಿಖೆಯವರು ಆ ವಿಮಾನದ ಹಿಂದಿನ 175 ಹಾರಾಟಗಳ ದಾಖಲೆ ತೆಗೆದು ನೋಡಿದಾಗ, ಹೊರಡುವ ಮುನ್ನ ಮಾಡಬೇಕಾದ ಚಲನೆಯ ಪರೀಕ್ಷೆಯನ್ನು ಪೂರ್ಣವಾಗಿ ಮಾಡಿದ್ದು ಎರಡೇ ಸಲವೆಂದು ಹೊರಬಿತ್ತು. 173 ಸಲ ಏನೂ ಆಗಲಿಲ್ಲ. ಏನೂ ಆಗದಿದ್ದುದೇ ಅವರಿಗೆ ಗುರುವಾಯಿತು.

ಕೋಣೆಯನ್ನು ತನಗಿಂತ ಮುಂಚೆ ಇನ್ನೊಬ್ಬರು ಹೊಕ್ಕು ಹೋಗಿರುತ್ತಾರೆಂಬುದನ್ನೂ ಚಾಲಕ ಮರೆಯಕೂಡದು. 2005ರ ಆಗಸ್ಟ್ 14ರಂದು ಸೈಪ್ರಸ್ಸಿನ ಲಾರ್ನಾಕಾದಿಂದ ಅಥೆನ್ಸಿಗೆ ಹೊರಟ ಹೀಲಿಯೋಸ್ ಸಂಸ್ಥೆಯ ಬೋಯಿಂಗ್ 737ರಲ್ಲಿ, ನಸುಕಿನಲ್ಲಿ ಬಂದ ದುರಸ್ತಿಯವರು ಒಳಗಿನ ಗಾಳಿಯ ಒತ್ತಡವನ್ನು ಪರೀಕ್ಷಿಸಿ, ಒಂದು ತಿರುಪನ್ನು ಕೈನಡೆಯ ಸ್ಥಾನದಲ್ಲಿಯೇ ಬಿಟ್ಟಿದ್ದರು. ಸಿದ್ಧತೆಯ ಹೊತ್ತಿನಲ್ಲಿಯೂ ಪಟ್ಟಿಯ ಹೊತ್ತಿನಲ್ಲಿಯೂ ಚಾಲಕರ ಕಣ್ಣು ಅದರ ಮೇಲೆ ಹಾಯ್ದು ಹೋಯಿತು. ಮೇಲೇರಿದಂತೆ ಗಾಳಿ ತೆಳುವಾಗಿ ಎಚ್ಚರಿಕೆಯ ಕಹಳೆ ಮೊಳಗಿತು. ಆದರೆ ಆ ವಿಮಾನದಲ್ಲಿ ಅದೇ ದನಿಗೆ ಇನ್ನೊಂದು ಅರ್ಥವೂ ಇತ್ತು: ನೆಲದ ಮೇಲೆ ಹೊರಡುವಾಗ ಏನೋ ಸಜ್ಜಾಗಿಲ್ಲವೆಂದು. ಚಾಲಕರು ಎರಡನೆಯ ಅರ್ಥವನ್ನು ಹಿಡಿದರು. ಪ್ರಜ್ಞೆ ತಪ್ಪಿತು, ಇಂಧನ ತೀರುವವರೆಗೆ ವಿಮಾನ ತಾನೇ ಹಾರಿ ಗ್ರೀಸಿನ ಗ್ರಾಮಟಿಕೋ ಬಳಿಯ ಬೆಟ್ಟಕ್ಕೆ ಬಡಿಯಿತು. 121 ಜನ ಮಡಿದರು. ಕಾವ್ಯದಲ್ಲಿ ಶ್ಲೇಷೆಯನ್ನು ಕಂಡು ತಲೆದೂಗಿದವನು ನಾನು. ಒಂದು ಶಬ್ದಕ್ಕೆ ಎರಡು ಅರ್ಥವಿರುವುದು ಇಷ್ಟು ಘೋರವಾಗಬಹುದೆಂದು ಯಾವ ಅಲಂಕಾರ ಗ್ರಂಥವೂ ನನಗೆ ಹೇಳಿರಲಿಲ್ಲ.

ಪಟ್ಟಿ ಓದುವುದೂ ಗಿಳಿಪಾಠವಾದೀತಲ್ಲವೆ ಎಂದು ಅಧ್ಯಾಪಕ ಮಿತ್ರರು ಕೇಳಬಹುದು. ಆಗುತ್ತದೆ. 2008ರ ಆಗಸ್ಟ್ 20ರಂದು ಮ್ಯಾಡ್ರಿಡ್‌ನಲ್ಲಿ ಸ್ಪಾನ್‌ಏರ್ ವಿಮಾನವು ರೆಕ್ಕೆಯ ಫ್ಲ್ಯಾಪುಗಳನ್ನು ಚಾಚದೆ ಹೊರಟು 154 ಜನ ಸತ್ತಾಗ, ಕೊನೆಯ ಪಟ್ಟಿಯಲ್ಲಿ ಫ್ಲ್ಯಾಪಿನ ಸರಿಯಾದ ಅಂಕಿಯನ್ನು ಬಾಯಿ ಹೇಳಿಯೇ ಇತ್ತು, ಕಣ್ಣು ನೋಡಿರಲಿಲ್ಲ. ಎಚ್ಚರಿಸಬೇಕಾಗಿದ್ದ ಯಂತ್ರವೂ ಅಂದು ಮೌನವಾಗಿತ್ತು. ಹಾಗೆಂದು ಪಟ್ಟಿಯನ್ನು ಹಳಿಯುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ಸೋತದ್ದು ಪಟ್ಟಿಯಲ್ಲ, ಪಟ್ಟಿಯ ವೇಷ ಹಾಕಿಕೊಂಡ ಕಂಠಪಾಠ. ವಿಮಾನದ ಗಣಕಗಳೇ ಎಲ್ಲವನ್ನೂ ನೋಡಿಕೊಳ್ಳುವಾಗ ಇದೇಕೆ ಎಂಬುವರಿಗೆ ಸಿಡ್ನಿಯ ಸೊನ್ನೆಯೇ ಉತ್ತರ. ಗಣಕ ಕೊಟ್ಟದ್ದನ್ನು ನಂಬುತ್ತದೆ.

ಪ್ರಕೃತಕ್ಕೆ ಬರೋಣ. ನಾನು ಕನ್ನಡಕ ಸರಿಪಡಿಸಿಕೊಂಡು ಓದತೊಡಗಿದೆ. ಇಂಗ್ಲಿಷಿನ ಉಚ್ಚಾರಣೆ ತಡವರಿಸಿತು. ಅವಳು ಪ್ರತಿಯೊಂದಕ್ಕೂ ಕತ್ತು ಹೊರಳಿಸಿ, ನೋಡಿ, ಉತ್ತರಿಸಿದಳು. ಪಾರ್ಕಿಂಗ್ ಬ್ರೇಕ್ ಎಂದಾಗ ಮಾತ್ರ ನನ್ನ ಮಾತು ಮುಗಿಯುವ ಮೊದಲೇ ಉತ್ತರ ಬಂದಿತು. ಒಡನೆಯೇ ತಡೆದು, “ಕ್ಷಮಿಸಿ ಸರ್, ಇನ್ನೊಮ್ಮೆ ಓದಿ” ಎಂದಳು. ಓದಿದೆ. ಈ ಸಲ ಬಗ್ಗಿ ನೋಡಿ ಹೇಳಿದಳು.

ಆ ‘ಇನ್ನೊಮ್ಮೆ ಓದಿ’ ಎಂಬ ಮಾತು ನನ್ನನ್ನು ಹಿಂದಕ್ಕೆ ಎಳೆದೊಯ್ದಿತು. ಅವಳು ಒಂಬತ್ತನೆಯ ತರಗತಿಯಲ್ಲಿದ್ದಾಗ ನಾನೊಂದು ಷಟ್ಪದಿಯನ್ನು ಬಾಯಿಪಾಠದಿಂದ ಹೇಳುತ್ತಿದ್ದೆ. ಮುಂದಿನ ಸಾಲಿನಲ್ಲಿದ್ದ ಅವಳು ಪುಸ್ತಕ ಹಿಡಿದು ಎದ್ದು, ನಾಲ್ಕನೆಯ ಪಾದದಲ್ಲಿ ಒಂದು ಪದ ಬೇರೆಯಿದೆಯೆಂದಳು. ಇನ್ನೊಮ್ಮೆ ನೋಡಿರೆಂದು ಪುಸ್ತಕ ಚಾಚಿದಳು. ನಾನು ನೋಡಲಿಲ್ಲ. ಅಚ್ಚಿನ ದೋಷವೆಂದು ಗದರಿ ಕೂಡಿಸಿದೆ. ಅಂದು ರಾತ್ರಿ ಮನೆಯಲ್ಲಿ ಎರಡು ಮುದ್ರಣಗಳನ್ನು ತೆಗೆದು ನೋಡಿದೆ. ನನ್ನ ಬಾಯಲ್ಲಿ ವರ್ಷಗಳಿಂದ ಕುಳಿತಿದ್ದ ಪದಕ್ಕೆ ಮಾತ್ರೆಗಳು ಸರಿ, ಪ್ರಾಸ ಸರಿ, ಅರ್ಥವೂ ಹೇಗೋ ಕೂಡುತ್ತಿತ್ತು. ಕವಿ ಬರೆದ ಪದ ಮಾತ್ರ ಅದಲ್ಲ. ಮರುದಿನ ಮುಂದಿನ ಪದ್ಯಕ್ಕೆ ಹೋದೆ. ತಿದ್ದಿ ಹೇಳಲಿಲ್ಲ.

ಹೊರಗೆ ಬಂದು ಚಹಾ ಕುಡಿಯುವಾಗ, “ಅಂದು ನೀನು ಹೇಳಿದ್ದೇ ಸರಿ” ಎಂದೆ.

“ಯಾವುದು ಸರ್?” ಎಂದಳು. ಅವಳಿಗೆ ನಿಜವಾಗಿ ಮರೆತಿತ್ತೋ, ನನ್ನ ಮರ್ಯಾದೆ ಕಾಯಲು ಮರೆತಂತೆ ಕೇಳಿದಳೋ ತಿಳಿಯದು. ನಾನು ಆ ಪದ್ಯವನ್ನು ಹೇಳಿದೆ. ಈ ಸಲ ಪುಸ್ತಕದಲ್ಲಿರುವಂತೆ.