ಪೋರ್ಟರಿನ ರುಚಿಯೂ ತೀರ್ಪುಗಾರರ ಅಳತೆಗೋಲೂ

ಬಿಯರನ್ನು ಸವಿದು ಅಂಕವೀಯುವ ಪರೀಕ್ಷಕ ಮಹಾಶಯರು ಒಂದು ಮಾತನ್ನು ಮಂತ್ರದಂತೆ ಜಪಿಸುತ್ತಾರೆ: 'ಇದು ಶೈಲಿಗೆ ಹೊಂದದು.' ಇಂಗ್ಲಿಷ್ ಪೋರ್ಟರ್ ಎಂಬ ಕಂದು ಬಿಯರಿನ ವಿಷಯದಲ್ಲಂತೂ ಈ ಮಾತು ಅನ್ಯಾಯವೆಂದೇ ನನ್ನ ವಾದ. ಪ್ರಾಥಮಿಕ ಶಾಲೆಯ ಉಪಾಧ್ಯಾಯನಿಗೆ ಬಿಯರಿನ ಗೊಡವೆ ಏಕೆಂದು ವಾಚಕರು ಹುಬ್ಬೇರಿಸಬಹುದು. ಅಂಕ ಕೊಡುವುದು ನನ್ನ ಕಸುಬು. ಅಂಕದ ಅನ್ಯಾಯ ಎಲ್ಲಿ ನಡೆದರೂ ನನಗೆ ಸಹಿಸದು.

ಅಮೆರಿಕದ ಬಿಯರ್ ತೀರ್ಪುಗಾರರ ಸಂಸ್ಥೆಯೊಂದು 2021ರಲ್ಲಿ ಪರಿಷ್ಕರಿಸಿದ ಕೈಪಿಡಿಯ ಪ್ರಕಾರ ಇಂಗ್ಲಿಷ್ ಪೋರ್ಟರೆಂದರೆ ಶೇಕಡಾ 4ರಿಂದ 5.4ರಷ್ಟು ಮದ್ಯಸಾರವುಳ್ಳ ಸೌಮ್ಯ ಪಾನೀಯ. ಹುರಿದ ಧಾನ್ಯದ ಹದವಾದ ಕಹಿ, ಚಾಕೊಲೇಟಿನ ನೆನಪು, ರೊಟ್ಟಿಯಂಥ ಮಾಲ್ಟಿನ ಸವಿ ಅದರ ಲಕ್ಷಣಗಳು. ಲಂಡನ್ನಿನ ಫುಲ್ಲರ್ಸ್ ಪೋರ್ಟರನ್ನು ಇದಕ್ಕೆ ಮಾದರಿಯಾಗಿ ತೋರಿಸುತ್ತಾರೆ. ಇಂಥ ಪೋರ್ಟರು ಕೊರೆಯುವ ತಂಪಿನಲ್ಲಿ ಏನನ್ನೂ ಹೇಳದು. ತುಸು ತಂಪಿಳಿದ ಮೇಲೆಯೇ ಅದರ ಪರಿಮಳ ಬಿಚ್ಚಿಕೊಳ್ಳುವುದು. ಸೊಗಸಾದ ರುಚಿಯೆಂಬುದರಲ್ಲಿ ನನಗೆ ತಕರಾರಿಲ್ಲ.

ಆದರೆ ಆ ಹೆಸರಿಗೆ ಇದೊಂದೇ ವಾರಸುದಾರನೆಂದು ಬರೆದುಕೊಟ್ಟವರಾರು? 18ನೆಯ ಶತಮಾನದ ಲಂಡನ್ನಿನಲ್ಲಿ ಯಾವ ಹೊರೆಯಾಳುಗಳಿಂದ ಈ ಪಾನೀಯಕ್ಕೆ ಹೆಸರು ಬಂದಿತೋ ಅವರು ಕುಡಿದದ್ದು ಬೇರೆ. ಸೌದೆಯ ಬೆಂಕಿಯಲ್ಲಿ ಒಣಗಿಸಿದ ಕಂದು ಮಾಲ್ಟಿನಿಂದ ಅದನ್ನು ತಯಾರಿಸಿ, ಮರದ ಮಹಾ ತೊಟ್ಟಿಗಳಲ್ಲಿ ತಿಂಗಳುಗಟ್ಟಲೆ ಮಾಗಿಸುತ್ತಿದ್ದರು. ಆ ತೊಟ್ಟಿಗಳ ಗಾತ್ರವೆಷ್ಟೆಂದರೆ, 1814ರ ಅಕ್ಟೋಬರ್ 17ರಂದು ಲಂಡನ್ನಿನಲ್ಲಿ ಅಂಥದೊಂದು ಒಡೆದು, ಪೋರ್ಟರಿನ ಪ್ರವಾಹಕ್ಕೆ ಎಂಟು ಜನ ಬಲಿಯಾದರು! ಇಂದಿನ ಕಪ್ಪು ಮಾಲ್ಟಿಗೆ ಮೂಲವಾದ ಹುರಿಯುವ ಯಂತ್ರಕ್ಕೆ ಡೇನಿಯಲ್ ವೀಲರ್ ಹಕ್ಕುಪತ್ರ ಪಡೆದದ್ದು 1817ರಲ್ಲಿ. ಅದಕ್ಕೆ ಮುನ್ನಿನ ತಲೆಮಾರುಗಳ ಪೋರ್ಟರಿಗೆ ಆ ಮಾಲ್ಟಿನ ಸುಟ್ಟ ಕಹಿಯೇ ಇರಲಿಲ್ಲ.

ಇನ್ನು ಹುಳಿಯ ಮಾತು. ಬಹುಕಾಲ ಮಾಗಿದ ಇಂಗ್ಲಿಷ್ ಬಿಯರುಗಳ ವಿಶಿಷ್ಟ ಸ್ವಾದಕ್ಕೆ ಕಾರಣವಾದ ಯೀಸ್ಟನ್ನು 1904ರಲ್ಲಿ ಡೆನ್ಮಾರ್ಕಿನ ಕ್ಲಾಸೆನ್ ವಿವರಿಸಿ, ಅದಕ್ಕೆ 'ಬ್ರೆಟಾನೊಮೈಸಿಸ್', ಎಂದರೆ ಬ್ರಿಟನ್ನಿನ ಶಿಲೀಂಧ್ರ, ಎಂದು ನಾಮಕರಣ ಮಾಡಿದನು. ಬ್ರಿಟನ್ನಿನ ಹೆಸರನ್ನೇ ಹೊತ್ತ ಈ ಗುಣ ಇಂದಿನ ಇಂಗ್ಲಿಷ್ ಪೋರ್ಟರಿನಲ್ಲಿ ತಲೆಯೆತ್ತಿದರೆ ದೋಷವಂತೆ! ಇಂಗ್ಲೆಂಡಿನಲ್ಲಿ ಪೋರ್ಟರು 20ನೆಯ ಶತಮಾನದ ನಡುವೆ ಅಳಿದು, 1970ರ ದಶಕದ ಕೊನೆಯಲ್ಲಿ ಮರುಹುಟ್ಟು ಪಡೆಯಿತು. ಕೈಪಿಡಿಯಲ್ಲಿರುವುದು ಮರುಹುಟ್ಟಿನ ಜಾತಕ.

ಹಳೆಯ ಬಗೆಗೆ ಐತಿಹಾಸಿಕವೆಂಬ ಪ್ರತ್ಯೇಕ ವರ್ಗವಿದೆಯಲ್ಲ ಎಂದು ಅವರ ಸಮಾಧಾನ. ಹಿರಿಯನನ್ನು ಜಗಲಿಗೆ ಕಳುಹಿಸಿ, ಮನೆಯ ಹೆಸರನ್ನು ಕಿರಿಯನಿಗೆ ಬರೆದುಕೊಟ್ಟಂತಾಯಿತು! ಹಾಗಿದ್ದರೆ ವರ್ಗದ ಹೆಸರನ್ನು 'ಇಂದಿನ ಇಂಗ್ಲಿಷ್ ಪೋರ್ಟರ್' ಎಂದು ತಿದ್ದಲಿ. ಅದಾಗದಿದ್ದರೆ, ಲೋಟದಲ್ಲಿರುವ ಹುಳಿ ಮಾಗಿದ್ದರಿಂದ ಬಂದುದೋ ಕೆಟ್ಟಿದ್ದರಿಂದ ಬಂದುದೋ ಎಂಬುದನ್ನು ನಾಲಗೆಯಿಂದ ನಿರ್ಣಯಿಸಿ, ಅನಂತರ ಅಂಕ ಕಳೆಯಲಿ.