ಸೂಜಿ ಕೈಯಲ್ಲಿ, ಕಿವಿ ಧಾರಾವಾಹಿಯಲ್ಲಿ

ಟಿ.ವಿ. ಪೆಟ್ಟಿಗೆಗೂ ಬಟ್ಟೆ ತೊಡಿಸುತ್ತಿದ್ದ ಕಾಲವೊಂದಿತ್ತು. ಹಾಸನದ ಬಡಾವಣೆಗಳಲ್ಲಿರಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಬೀದಿಗಳಲ್ಲಿರಲಿ, ನೌಕರಿಯವರ ಮನೆಯ ಹಜಾರಕ್ಕೆ ಕಾಲಿಟ್ಟರೆ ಮೂಲೆಯ ಮೇಜಿನ ಮೇಲೆ ಟಿ.ವಿ.; ಅದರ ಮೇಲೆ ಬಿಳಿಯ ಮ್ಯಾಟಿ ಬಟ್ಟೆಯ ಹೊದಿಕೆ; ಹೊದಿಕೆಯ ಮೇಲೆ ಎದುರುಬದುರು ಕುಳಿತ ಎರಡು ಹಸಿರು ಗಿಳಿ. ಬಂದವರು ಟಿ.ವಿ. ಯಾವ ಕಂಪೆನಿಯದೆಂದು ಕೇಳುತ್ತಿದ್ದರು. ಗಿಳಿ ಹಾಕಿದವರು ಯಾರೆಂದು ಕೇಳುತ್ತಿದ್ದವರು ಕಡಿಮೆ. ಟಿ.ವಿ. ತೆಳ್ಳಗಾಗಿ ಗೋಡೆ ಹತ್ತಿದ ಮೇಲೆ ಹೊದಿಕೆಗೆ ಕೆಲಸವಿಲ್ಲದಾಯಿತು. ಗಿಳಿಗಳು ನುಸಿಗುಳಿಗೆಯ ವಾಸನೆಯೊಡನೆ ಟ್ರಂಕಿನ ತಳ ಸೇರಿದವು.

ಆದರೆ ಗಿಳಿ ಹಾಕಿದ ಕೈಗಳು ಇನ್ನೂ ಇವೆ. ಆ ಕೈಗಳ ಒಡತಿಯರು ಇವತ್ತೂ ಸಂಜೆಯ ಧಾರಾವಾಹಿಗೆ ಕಾಯುತ್ತಾರೆ. ಕನ್ನಡಕ ಏರಿಸಿಕೊಂಡು ಸೂಜಿಗೆ ದಾರ ಪೋಣಿಸಿಕೊಳ್ಳುವ ಅಭ್ಯಾಸವನ್ನೂ ಕೆಲವರು ಬಿಟ್ಟಿಲ್ಲ. ಇವರಿಗೆ ಸೀರಿಯಲ್ ಹುಚ್ಚು ಎಂದು ಮನೆಯ ಗಂಡಸರು ನಗುತ್ತಾರೆ. ನಗುವ ಮೊದಲು, ಹೊಲಿಗೆಗೂ ಧಾರಾವಾಹಿಗೂ ಇಷ್ಟು ಗಟ್ಟಿಯಾದ ನಂಟು ಬೆಳೆದದ್ದು ಹೇಗೆ ಎಂದು ಸ್ವಲ್ಪ ಯೋಚಿಸಿದರೆ ಒಳ್ಳೆಯದು.

ಕ್ರಾಸ್ ಸ್ಟಿಚ್ ಕಲಿಯುವುದು ಸುಲಭ, ಮುಗಿಸುವುದು ಕಷ್ಟ. ಮ್ಯಾಟಿ ಬಟ್ಟೆಯ ನೇಯ್ಗೆಯಲ್ಲೇ ಚೌಕಗಳಿವೆ. ಚೌಕದ ಒಂದು ಮೂಲೆಯಿಂದ ಎದುರು ಮೂಲೆಗೆ ಒಂದು ಓರೆ ಎಳೆ, ಅದರ ಮೇಲೆ ಅಡ್ಡಲಾಗಿ ಇನ್ನೊಂದು. ಅಲ್ಲಿಗೆ ಲೆಕ್ಕದ ಪುಸ್ತಕದ ಗುಣಾಕಾರ ಚಿಹ್ನೆಯಂಥ ಒಂದು ಹೊಲಿಗೆ ಆಯಿತು. ಬಟ್ಟೆಯನ್ನು ನಾಲ್ಕಾಗಿ ಮಡಿಸಿ, ನಡುವನ್ನು ಗುರುತು ಮಾಡಿಕೊಂಡು ಅಲ್ಲಿಂದ ಶುರು ಮಾಡಬೇಕು. ಇಲ್ಲದಿದ್ದರೆ ಗಿಳಿಯ ಬಾಲಕ್ಕೆ ಜಾಗ ಸಾಲದು. ಆರು ಎಳೆಯ ದಾರವನ್ನು ಬಿಡಿಸಿ ಎರಡೋ ಮೂರೋ ಎಳೆಯನ್ನಷ್ಟೇ ಸೂಜಿಗೆ ಪೋಣಿಸಬೇಕು. ಮೇಲಿನ ಎಳೆಗಳೆಲ್ಲ ಒಂದೇ ದಿಕ್ಕಿಗೆ ಓರೆಯಾಗಿರಬೇಕು. ಒಂದು ತಪ್ಪಿದರೂ ಬೆಳಕಿಗೆ ಹಿಡಿದಾಗ ಕಣ್ಣಿಗೆ ಹೊಡೆಯುತ್ತದೆ. ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಅವುಗಳಲ್ಲಿ ಮೆಂತೆ ಎಂದರೆ ಇದೇ ಅಡ್ಡ ಹೊಲಿಗೆ. ಅಲ್ಲಿಯ ಹೆಣ್ಣುಮಕ್ಕಳು ಸೀರೆಯ ಎಳೆ ಎಣಿಸಿ ಹಾಕಿದರು, ಹಾಸನದ ಕಡೆಯವರು ಮ್ಯಾಟಿಯ ಚೌಕ ಎಣಿಸಿ ಹಾಕಿದರು.

ಅಕ್ಷರ ಹಾಕುವುದರಲ್ಲಿ ಇನ್ನೊಂದು ತೊಡಕು. 'ವೆಲ್‌ಕಮ್' ಎಂದು ಇಂಗ್ಲಿಷಿನಲ್ಲಿ ಹಾಕುವುದು ಹಗುರ. ಅದರ ಅಕ್ಷರಗಳಲ್ಲಿ ನೆಟ್ಟಗಿನ ಗೆರೆಗಳೇ ಹೆಚ್ಚು. 'ಸುಸ್ವಾಗತ' ಎಂದು ಕನ್ನಡದಲ್ಲಿ ಹಾಕಹೊರಟರೆ ಗೊತ್ತಾಗುತ್ತದೆ. ನಮ್ಮ ದುಂಡನೆಯ ಅಕ್ಷರಗಳು ಚೌಕದಲ್ಲಿ ಮೆಟ್ಟಿಲು ಮೆಟ್ಟಿಲಾಗುತ್ತವೆ. ಎಷ್ಟೋ ಮನೆಗಳ ಬಾಗಿಲ ಮೇಲೆ ಇಂಗ್ಲಿಷ್ ನೇತಾಡಿದ್ದಕ್ಕೆ ಒಣ ಜಂಬ ಮಾತ್ರ ಕಾರಣವಲ್ಲ.

ಈಗ ಲೆಕ್ಕಕ್ಕೆ ಬರೋಣ. ಅಗಲ 50, ಎತ್ತರ 50 ಚೌಕದ ಒಂದು ನಮೂನೆಯನ್ನು ಪೂರ್ತಿ ತುಂಬಿದರೆ 2,500 ಹೊಲಿಗೆ. ನಡುನಡುವೆ ತಲೆಯೆತ್ತಿ ಪರದೆ ನೋಡುತ್ತ ಅರ್ಧ ಗಂಟೆಗೆ 100 ಹೊಲಿಗೆ ಹಾಕಿದರೂ 25 ಕಂತು ಬೇಕು. ವಾರಕ್ಕೆ ಐದು ದಿನ ಬರುವ ಧಾರಾವಾಹಿಯಾದರೆ ಐದು ವಾರಕ್ಕೆ ಒಂದು ಗಿಳಿ. ಎದುರಿಗೆ ಕೂರಿಸಲು ಜೋಡಿ ಗಿಳಿ ಬೇಕಲ್ಲ, ಅದಕ್ಕೆ ಇನ್ನೈದು ವಾರ.

ಹೊಲಿಯುವುದಕ್ಕಾಗಿ ಟಿ.ವಿ. ಮುಂದೆ ಕೂರುತ್ತಿದ್ದರೋ, ಟಿ.ವಿ. ನೋಡುವುದಕ್ಕಾಗಿ ಹೊಲಿಯುತ್ತಿದ್ದರೋ? ಎರಡನೆಯದೇ ನಿಜಕ್ಕೆ ಹತ್ತಿರ. ಗಂಡಸು ಪತ್ರಿಕೆ ಹಿಡಿದು ಕಾಲುಚಾಚಿ ಕುಳಿತರೆ ಅದು ವಿಶ್ರಾಂತಿ. ಹೆಂಗಸು ಬರಿಗೈಯಲ್ಲಿ ಟಿ.ವಿ. ಮುಂದೆ ಕುಳಿತರೆ ಅದು ಸೋಮಾರಿತನ. "ಏನಮ್ಮಾ, ದೀಪ ಹಚ್ಚೋ ಹೊತ್ತಾದ್ರೂ ಅದರ ಮುಂದೇನೆ ಕೂತಿದ್ದೀಯಲ್ಲ?" ಎಂದು ಅತ್ತೆ ಕೇಳದಿದ್ದರೆ ನಾದಿನಿ ಕೇಳುತ್ತಿದ್ದಳು. ಕೈಯಲ್ಲಿ ಸೂಜಿ ಇದ್ದರೆ ಆ ಪ್ರಶ್ನೆ ಏಳುತ್ತಿರಲಿಲ್ಲ. 'ಪಾಪ, ಏನೋ ಕೆಲಸ ಮಾಡ್ಕೋತಾ ಇದ್ದಾಳೆ' ಎಂದು ಮನೆ ಸುಮ್ಮನಾಗುತ್ತಿತ್ತು. ದಿನದ ಅರ್ಧ ಗಂಟೆಯನ್ನು ತನ್ನದೆಂದು ಹೇಳಿಕೊಳ್ಳಲು ಆಕೆಗೆ ಸಿಕ್ಕ ರಹದಾರಿ ಆ ಸೂಜಿ.

ಟಿ.ವಿ.ಗೂ ಹಾಸನಕ್ಕೂ ಇರುವ ಸಂಬಂಧ ಸಣ್ಣದಲ್ಲ. ಇನ್ಸಾಟ್ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ 1982ರಲ್ಲಿ ಆರಂಭವಾದದ್ದು ಹಾಸನದ ಸಾಲಗಾಮೆ ರಸ್ತೆಯಲ್ಲಿ. 1983ರ ಆಗಸ್ಟ್‌ನಲ್ಲಿ ಅಮೆರಿಕದ ಚಾಲೆಂಜರ್ ನೌಕೆಯಿಂದ ಇನ್ಸಾಟ್-1ಬಿ ಆಕಾಶ ಸೇರಿದ ಮೇಲೆ ದೂರದರ್ಶನ ದೇಶದ ಮೂಲೆಮೂಲೆಗೆ ಹಬ್ಬಿತು. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಇಂಥ ಉಪಗ್ರಹ ತನ್ನ ಜಾಗದಿಂದ ಕ್ರಮೇಣ ಜರುಗುತ್ತದೆ. ನೆಲದಿಂದ ಆಜ್ಞೆ ಕಳಿಸಿ ಅದನ್ನು ಮತ್ತೆ ಅದರ ಜಾಗಕ್ಕೆ ತಳ್ಳಬೇಕು. ಆ ಕೆಲಸ ಹಾಸನದಿಂದ ನಡೆಯಿತು. ಆದರೆ ಅದೇ ಊರಿನ ಹೆಂಗಸರಿಗೆ ತಮ್ಮ ಮಾತಿನ, ತಮ್ಮ ಮನೆಯಂಥ ಮನೆಯ ಕಥೆ ದಿನವೂ ಸಿಗಲು ಇನ್ನಷ್ಟು ವರ್ಷ ಹಿಡಿಯಿತು. 1987-88ರಲ್ಲಿ ಭಾನುವಾರದ ಬೆಳಿಗ್ಗೆ ಹಿಂದಿಯ ರಾಮಾಯಣಕ್ಕೆ ಕೈಮುಗಿದು ಕುಳಿತವರು, ಕಥೆ ಗೊತ್ತಿದ್ದುದರಿಂದ ಭಾಷೆಗೆ ತಲೆ ಕೆಡಿಸಿಕೊಳ್ಳಲಿಲ್ಲ. 1994ರಲ್ಲಿ ಉದಯ ಬಂತು. 1998ರಲ್ಲಿ ದೂರದರ್ಶನದಲ್ಲಿ ಟಿ.ಎನ್. ಸೀತಾರಾಮ್ ತಂಡದ 'ಮಾಯಾಮೃಗ' ಬಂತು. 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ ಶುರುವಾಯಿತು. ದಿನವೂ ಬರುವ ಕನ್ನಡದ ಕಥೆ ಮನೆಯ ಗಡಿಯಾರದಲ್ಲೇ ಸೇರಿಹೋಯಿತು.

ಹೊಲಿಯುತ್ತ ನೋಡುವವರು ಧಾರಾವಾಹಿಯನ್ನು ಮುಕ್ಕಾಲು ಪಾಲು ಕೇಳುತ್ತಾರೆ, ಕಾಲು ಪಾಲು ನೋಡುತ್ತಾರೆ. ಧಾರಾವಾಹಿ ಮಾಡುವವರಿಗೂ ಇದು ಗೊತ್ತಿರುವಂತಿದೆ. ಹೇಳಿದ್ದನ್ನೇ ಇನ್ನೊಮ್ಮೆ ಹೇಳಿಸುತ್ತಾರೆ. ಮುಖ್ಯವಾದದ್ದು ನಡೆದಾಗ ಢಣ್ ಎಂದು ಸದ್ದು ಮಾಡಿ, ಮನೆಮಂದಿಯ ಮುಖಗಳನ್ನೆಲ್ಲ ಒಂದೊಂದಾಗಿ ತೋರಿಸುತ್ತಾರೆ. ಸದ್ದು ಕೇಳಿದೊಡನೆ ತಲೆಯೆತ್ತಿ, ಯಾರ ಮುಖ ಹೇಗಾಯಿತೆಂದು ನೋಡಿ, ಮತ್ತೆ ಚೌಕ ಎಣಿಸಿದರಾಯಿತು. ಇನ್ನು ತಪ್ಪಿಹೋದ ಕಂತಿಗೆ ಪಕ್ಕದ ಮನೆ ಇತ್ತು.

"ಏನಕ್ಕ, ನಿನ್ನೇದು ನೋಡಿದ್ರಾ?"

"ಎಲ್ಲಿ ನೋಡೋದು ಕಣೇ, ಅರ್ಧಕ್ಕೇ ಕರೆಂಟ್ ಹೋಯ್ತು. ಆ ಕಾಗದ ಅವಳ ಕೈಗೆ ಸಿಗ್ತಾ?"

"ಸಿಗ್ತು, ಆದ್ರೆ ಓದೋ ಅಷ್ಟರಲ್ಲಿ ಅವನೇ ಬಂದ್ಬಿಟ್ಟ ನೋಡಿ."

ಕಾಂಪೌಂಡಿನ ಗೋಡೆಯ ಎರಡೂ ಬದಿಯಲ್ಲಿ ನಡೆದ ಇಂಥ ವಿಮರ್ಶೆ ಯಾವ ಪತ್ರಿಕೆಯಲ್ಲೂ ಅಚ್ಚಾಗಲಿಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಡೆ ಹೊಗೆಸೊಪ್ಪಿನ ಸುಗ್ಗಿ ಬಂದರೆ ಧಾರಾವಾಹಿಯೂ ಇಲ್ಲ, ಹೊಲಿಗೆಯೂ ಇಲ್ಲ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್‌ಗೆ ಏರಿಸುವ ತನಕ ಹೆಂಗಸರ ಕೈ ಬಿಡುವಾಗುವುದಿಲ್ಲ. ಸುಗ್ಗಿ ಮುಗಿಸಿ ಬಂದು ಕುಳಿತವರಿಗೆ ಕಥೆ ಹಿಡಿಯಲು ಎರಡು ಕಂತು ಸಾಕು. ಇದು ಅವರ ಜಾಣತನವೂ ಹೌದು, ಕಥೆ ಅಷ್ಟರಲ್ಲಿ ಹೆಚ್ಚು ದೂರ ಹೋಗಿರುವುದಿಲ್ಲವೆಂಬುದೂ ಹೌದು.

ಕೈಯಲ್ಲಿ ಕೆಲಸ ಹಿಡಿದು ನೋಡುವವರ ಕಣ್ಣು ಪರದೆಯಲ್ಲೂ ಕೈಯನ್ನೇ ಹುಡುಕುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ ಚನ್ನರಾಯಪಟ್ಟಣದ ಕಡೆಯದೇ. ಆ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ ಎಸ್.ಎಲ್. ಭೈರಪ್ಪನವರ 'ಗೃಹಭಂಗ' ಕಾದಂಬರಿ ಬಂದದ್ದು 1970ರಲ್ಲಿ. ಮುಂದೆ ಗಿರೀಶ್ ಕಾಸರವಳ್ಳಿ ಅದನ್ನು ಈಟಿವಿ ಕನ್ನಡಕ್ಕೆ ಧಾರಾವಾಹಿಯಾಗಿ ಮಾಡಿದರು. ನಂಜಮ್ಮನಾಗಿ ಮಾಳವಿಕಾ ಅಭಿನಯಿಸಿದರು. ನಂಜಮ್ಮ ಕೆಲಸವಿಲ್ಲದೆ ಕೂರುವವಳಲ್ಲ. ಶಾನುಭೋಗ ಗಂಡನ ಲೆಕ್ಕ ಬರೆಯುವವಳು ಅವಳು. ಮುತ್ತುಗದ ಎಲೆ ಹಚ್ಚಿ ನಾಲ್ಕು ಕಾಸು ಕಾಣುವವಳೂ ಅವಳು. ಬಯ್ಯುವ ಅತ್ತೆ, ಜವಾಬ್ದಾರಿಯಿಲ್ಲದ ಗಂಡ, ಮಕ್ಕಳನ್ನು ಕಿತ್ತುಕೊಳ್ಳುವ ಪ್ಲೇಗು ಇವುಗಳ ನಡುವೆಯೂ ಎಲೆಗೆ ಕಡ್ಡಿ ಚುಚ್ಚುವ ಆ ಬೆರಳು ನಿಲ್ಲುವುದಿಲ್ಲ. ಎದುರಿಗೆ ಸೂಜಿ ಹಿಡಿದು ಕುಳಿತವರಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿಯದು ಎಲೆ, ಇಲ್ಲಿಯದು ಬಟ್ಟೆ, ಅಷ್ಟೇ.

ಈಚಿನ ಧಾರಾವಾಹಿಗಳನ್ನೂ ಈ ಅಭಿಮಾನಿಗಳು ಇದೇ ಅಳತೆಗೋಲಿನಿಂದ ಅಳೆಯುತ್ತಾರೆ. 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ 'ಪುಟ್ಟಕ್ಕನ ಮಕ್ಕಳು' ಶುರುವಾದಾಗ ಉಮಾಶ್ರೀಯವರ ಪುಟ್ಟಕ್ಕ ಮನೆಮನೆಯವಳಾದಳು. ಗಂಡ ಕೈಬಿಟ್ಟ ಮೇಲೆ ಮೆಸ್ ನಡೆಸಿ, ಅನ್ನ ಬಡಿಸಿ, ಮೂವರು ಹೆಣ್ಣುಮಕ್ಕಳನ್ನು ದಡ ಸೇರಿಸಹೊರಟವಳು. 2022ರಲ್ಲಿ ಕಲರ್ಸ್ ಕನ್ನಡದ 'ಭಾಗ್ಯಲಕ್ಷ್ಮೀ' ಬಂತು. ಅದರಲ್ಲಿ ಭಾಗ್ಯ, ಮದುವೆಯಾಗಿ ಮಕ್ಕಳಾದ ಮೇಲೆ, ಎಸ್ಸೆಸ್ಸೆಲ್ಸಿ ಮುಗಿಸಲು ಶಾಲೆಯ ಬೆಂಚಿನ ಮೇಲೆ ಕುಳಿತಳು. ಹತ್ತನೇ ತರಗತಿಗೇ ಓದು ಬಿಡಿಸಿ ಹಸೆಮಣೆ ಏರಿಸಿದ ಹೆಂಗಸರು ಈ ನಾಲ್ಕು ಊರಿನಲ್ಲಿ ಎಷ್ಟಿಲ್ಲ! ಅಂಥ ಕಂತುಗಳಲ್ಲಿ ಸೂಜಿ ನಿಂತೇಹೋಗುತ್ತದೆ. ಹೊಲಿಗೆ ಹತ್ತೂ ದಾಟದ ಸಂಜೆಯೇ ಒಳ್ಳೆಯ ಕಂತಿನ ಗುರುತು.

ಕೆಟ್ಟ ಕಂತಿನ ಗುರುತೂ ಹಾಗೆಯೇ ಇದೆ. ಅಡಿಗೆಮನೆಯಲ್ಲೂ ರೇಷ್ಮೆ ಸೀರೆ ಉಟ್ಟು, ಕೈಕಟ್ಟಿ ನಿಂತು, ಕಣ್ಣನ್ನಷ್ಟೇ ಹೊರಳಿಸುವ ಸೊಸೆಯಂದಿರು. ಬಾಗಿಲ ಸಂದಿಯಲ್ಲಿ ನಿಂತು ವಿಷದ ಬಾಟಲಿ ಹಿಡಿದವಳು. ವಾರಗಟ್ಟಲೆ ಮುಗಿಯದ ಮದುವೆ ಮಂಟಪ. ಆಗ ಹೊಲಿಗೆ 150 ದಾಟುತ್ತದೆ. 2024ರಲ್ಲಿ 'ಪುಟ್ಟಕ್ಕನ ಮಕ್ಕಳು' ಕಥೆಯಲ್ಲಿ ಓದಿ ಮೇಲೆ ಬಂದ ಮಗಳು ಸ್ನೇಹಳನ್ನು ಸಾಯಿಸಿದಾಗ ಅಭಿಮಾನಿಗಳು ಕೆರಳಿದ್ದೂ ಇದಕ್ಕೇ. ಸಾವು ಅವರಿಗೆ ಹೊಸದಲ್ಲ. ನಂಜಮ್ಮನ ಸಾವನ್ನು ಕಣ್ಣೀರಿಟ್ಟು ಒಪ್ಪಿಕೊಂಡವರು ಅವರು. ಅಷ್ಟು ವರ್ಷ ಎಳೆ ಎಣಿಸಿ ಎಣಿಸಿ ತುಂಬಿದ ಒಂದು ಚಿತ್ರವನ್ನು ಹಾಕುತ್ತಿದ್ದವರೇ ಕತ್ತರಿಸಿ ತೆಗೆದರಲ್ಲ ಎಂಬುದು ಅವರ ಸಂಕಟ.

ಹೊಲಿಯುವವರಿಗೆ ಮುಗಿಸುವುದೆಂದರೆ ಏನೆಂದು ಗೊತ್ತು. ಗ್ರಾಫ್ ಕಾಗದದಲ್ಲಿ ಕೊನೆಯ ಚೌಕ ಎಲ್ಲಿದೆಯೆಂಬುದು ಮೊದಲ ದಿನವೇ ಕಾಣುತ್ತದೆ. ಧಾರಾವಾಹಿಗೆ ಆ ಕಾಗದವಿಲ್ಲ. ವಾರವಾರದ ಟಿಆರ್‌ಪಿ ಏರಿದರೆ ಕಥೆ ಹಿಗ್ಗುತ್ತದೆ, ಇಳಿದರೆ ಕುಗ್ಗುತ್ತದೆ. ಚೆನ್ನಾಗಿದ್ದದ್ದೂ ನಡುವೆ ನಿಲ್ಲಬಹುದು. 2018ರಲ್ಲಿ ಆರಂಭವಾದ ಸೀತಾರಾಮ್ ಅವರ 'ಮಗಳು ಜಾನಕಿ' 2020ರ ಲಾಕ್‌ಡೌನ್ ಕಾಲದಲ್ಲಿ ಕಥೆ ಮುಗಿಯುವ ಮೊದಲೇ ನಿಂತಿತು. ಜಾನಕಿಯ ಮುಂದಿನ ದಾರಿಯನ್ನು ನೋಡುಗರು ತಮ್ಮತಮ್ಮಲ್ಲೇ ಪೂರೈಸಿಕೊಳ್ಳಬೇಕಾಯಿತು. ಅರ್ಧ ಹಾಕಿದ ಗಿಳಿಯನ್ನು ಇನ್ನೊಬ್ಬರು ಮುಗಿಸಬಹುದು, ನಮೂನೆ ಇದೆ. ಅರ್ಧ ನಿಂತ ಧಾರಾವಾಹಿಯನ್ನು ಮುಗಿಸುವವರು ಯಾರು?

ಈಗಿನ ಸೊಸೆಗೆ ರಹದಾರಿ ಬೇಕಿಲ್ಲ. ತಪ್ಪಿದ ಕಂತು ಮೊಬೈಲಿನಲ್ಲಿದೆ. ಬಸ್ಸಿನಲ್ಲೋ, ಕುಕ್ಕರ್ ಕೂಗುವ ಮುಂಚೆಯೋ, ಮಗು ಮಲಗಿದ ಮೇಲೋ ನೋಡಿಕೊಳ್ಳಬಹುದು. ಯಾರೂ ಕೇಳುವುದಿಲ್ಲ. ಇದು ಒಳ್ಳೆಯದೇ. ಆದರೆ ಅಂದಿನ ಅರ್ಧ ಗಂಟೆಯಲ್ಲಿ ಒಂದು ಗುಣವಿತ್ತು. ಇಷ್ಟು ಹೊತ್ತು ಇವಳನ್ನು ಕರೆಯಬಾರದು ಎಂಬುದು ಮನೆಗೆಲ್ಲ ಗೊತ್ತಿತ್ತು. ಎಲ್ಲ ಹೊತ್ತಿನಲ್ಲೂ ನೋಡಬಹುದಾದ ಕಥೆಗೆ ಅಂಥ ಕಾವಲಿಲ್ಲ. ನೋಡುತ್ತಿರುವಾಗಲೇ ಎದ್ದು ಹೋಗಬೇಕು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ. ಅಂಥ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡುವುದು 88 ನಿಮಿಷ. ಮೊಬೈಲು ಬಂದರೂ ಆ ಲೆಕ್ಕ ಸರಿಹೋಗಿಲ್ಲ.

ಆದ್ದರಿಂದ ಅತ್ತೆಯ ಕಾಲದ ಮ್ಯಾಟಿ ಬಟ್ಟೆಯನ್ನು ಹಳೆಯ ಬಟ್ಟೆಯೆಂದು ಒರೆಸಲು ತೆಗೆಯುವ ಮುಂಚೆ ಒಮ್ಮೆ ಬಿಡಿಸಿ ನೋಡಬೇಕು. ಹಿಂಬದಿಯನ್ನೂ ನೋಡಬೇಕು. ಗಂಟಿಲ್ಲದೆ, ದಾರ ಅಡ್ಡಾದಿಡ್ಡಿ ಓಡದೆ ಇದ್ದರೆ ಅದು ಪಳಗಿದ ಕೈ. ಯಾವ ಧಾರಾವಾಹಿ ನಡೆಯುವಾಗ ಹಾಕಿದ್ದೆಂದು ಕೇಳಿದರೆ ಹಾಕಿದವರಿಗೆ ನೆನಪಿರುತ್ತದೆ. ಕಥೆಯನ್ನೂ ಹೇಳುತ್ತಾರೆ, ಎಲ್ಲಿ ಕೆಟ್ಟಿತೆಂಬುದನ್ನೂ ಹೇಳುತ್ತಾರೆ. ಆ ಬಟ್ಟೆಗಳಲ್ಲಿ ಗಿಳಿ ಇದೆ, ಹೂಬುಟ್ಟಿ ಇದೆ, ಸುಸ್ವಾಗತ ಇದೆ. ಹಾಕಿದವರ ಹೆಸರು ಮಾತ್ರ ಸಾಮಾನ್ಯವಾಗಿ ಇಲ್ಲ. ಮೂಲೆಯಲ್ಲಿ ಇನ್ನೂ ಜಾಗ ಉಳಿದಿರುತ್ತದೆ. ಒಂದು ಹೆಸರು, ಒಂದು ಇಸವಿ ಹಾಕಲು ಎರಡು ಎಳೆ ದಾರ ಮತ್ತು ಒಂದೆರಡು ಕಂತಿನ ಹೊತ್ತು ಸಾಕು. ಈ ಸಂಜೆ ಅವರು ಹಾಕುತ್ತ ಕುಳಿತರೆ, ಕುಕ್ಕರ್ ಇಳಿಸುವ ಕೆಲಸವನ್ನು ಮನೆಯಲ್ಲಿ ಇನ್ನೊಬ್ಬರು ನೋಡಿಕೊಳ್ಳಲಿ.